ಅರ್ಬಾಬರ ಕೋವಿ ತೋಟೆ ಬದಲಿಸಿದ್ದು

ನನಗೊಂದು ಚಾಳಿಯಿದೆ. ಯಾರು ಏನು ಕೇಳಿದರೂ, ಉತ್ತರ ಗೊತ್ತಿರಲಿ ಇಲ್ಲದಿರಲಿ, ಮೂಗಿನಲ್ಲೇ ಒಂದು ‘ಹ್ಞೂಂ’ ಎಂದುಬಿಡುತ್ತೇನೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿದವರು ತಮಗೆ ಬೇಕಾದ ಅರ್ಥ ಮಾಡಿಕೊಂಡು ಹೋಗುತ್ತಾರೆ. ನನ್ನ ಹೆಂಡತಿಯ ಪ್ರಕಾರ ನಮ್ಮ ಮದುವೆ ಕುದುರಿದ್ದೇ ಈ ಹ್ಞೂಂಕಾರದಿಂದ. ಹುಡುಗನಿಗೆ ಸಂಗೀತ ಬರುತ್ತದೆಯೇ ಎಂದು ಅವಳ ಸೋದರಮಾವ ಕೇಳಿದ್ದರಂತೆ. ನಾನು ಹ್ಞೂಂ ಅಂದೆನಂತೆ. ಅದು ಶ್ರುತಿಯಲ್ಲೇ ಇದ್ದುದರಿಂದ ಅವರು ಹೆಚ್ಚು ವಿಚಾರಿಸಲಿಲ್ಲವಂತೆ.

ಹೋದ ವಾರ ಮೈಸೂರಿನಲ್ಲಿ ಒಂದು ಮದುವೆಯೂಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರು ಊರು ಯಾವುದೆಂದು ಕೇಳಿದರು. ಸೋಮವಾರಪೇಟೆ ಎಂದೆ. “ಓಹೋ, ಕೊಡಗಿನವರು. ಹಾಗಾದರೆ ಶಿಕಾರಿ ಗಿಕಾರಿ ಜೋರಿರಬೇಕು” ಎಂದರು. ನನ್ನ ಬಾಯಲ್ಲಿ ಹೋಳಿಗೆಯಿತ್ತು, ಮೂಗು ಹ್ಞೂಂ ಅನ್ನಲು ಸಿದ್ಧವಾಗಿತ್ತು. ಅಷ್ಟರಲ್ಲಿ ಕತಾರಿನ ನೆನಪಾಯಿತು. ಹೋಳಿಗೆ ನುಂಗಿ, “ಇಲ್ಲ ಸ್ವಾಮಿ. ಜನ್ಮದಲ್ಲಿ ಒಂದೇ ಸಲ ಈಡು ಹೊಡೆದಿದ್ದೇನೆ. ಆಗ ಬಿದ್ದದ್ದು ನಾನೇ” ಎಂದೆ. ಅವರು ನನ್ನ ವಿನಯಕ್ಕೆ ಮೆಚ್ಚಿ ಇನ್ನೊಂದು ಹೋಳಿಗೆ ಹಾಕಿಸಿದರು.

ವಿನಯವಲ್ಲ, ನಿಜ. ನಮ್ಮಪ್ಪ ಸ್ಕೂಲು ಮೇಷ್ಟ್ರು. ಮನೆಯಲ್ಲಿ ಆಯುಧವೆಂದರೆ ಅಮ್ಮನ ಈಳಿಗೆಮಣೆ ಒಂದೇ. ಪಕ್ಕದ ಮನೆಯ ಪೊನ್ನಪ್ಪ ಮಾಮ ಮಾತ್ರ ಮಿಲಿಟರಿಯಿಂದ ನಿವೃತ್ತರಾದವರು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಅವರ ಮನೆಯವರು ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿಯಿಟ್ಟು ಹೊಡೆಯುತ್ತಿದ್ದರು. ನನಗೆ ಹನ್ನೆರಡೋ ಹದಿಮೂರೋ ಇರಬೇಕು. ಆ ವರ್ಷ ನನ್ನ ಕೈಗೂ ಕೋವಿ ಕೊಟ್ಟರು. “ಬುಡವನ್ನು ಭುಜಕ್ಕೆ ಒತ್ತಿ ಹಿಡೀಬೇಕು, ಗೊತ್ತಾಯ್ತಾ?” ಎಂದರು. ನಾನು ಹ್ಞೂಂ ಎಂದೆ. ನನ್ನ ಲಕ್ಷ್ಯವೆಲ್ಲ ಕಾಯಿಯ ಮೇಲಿತ್ತು. ಬೆರಳಿನಿಂದ ಕೋವಿಯ ಕುದುರೆ ಎಳೆದದ್ದಷ್ಟೇ ನೆನಪು. ಕಾಯಿ ಮರದ ಮೇಲೆ ಇದ್ದ ಹಾಗೇ ಇತ್ತು. ನಾನು ಗೊಬ್ಬರದ ಗುಂಡಿಯಲ್ಲಿದ್ದೆ. ಆಮೇಲೆ ಎರಡು ವಾರ ಎಡಗೈಯಲ್ಲಿ ಊಟ ಮಾಡಿದೆ.

ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಕತಾರಿನಲ್ಲಿ ಕೋವಿ ತಜ್ಞನಾದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ದೋಹಾದ ಹೊರಗೆ ಸನಾಯಾ ಎಂದು ಎಲ್ಲರೂ ಕರೆಯುವ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ವರ್ಕ್‌ಶಾಪಿತ್ತು. ಪಂಪಿನ ಶಾಫ್ಟು, ವಾಲ್ವಿನ ದಂಡ, ಬುಶ್ಶು ಇಂಥವನ್ನು ಕಡೆದು ಕೊಡುವ ಜಾಗ. ನಾನು ಅಲ್ಲಿ ಹಾಜರಿ ಬರೆಯುವುದು, ಕಾಗದ ಟೈಪು ಮಾಡುವುದು ಎರಡನ್ನೂ ಮಾಡುತ್ತಿದ್ದೆ. ಹಾಜರಿ ಪುಸ್ತಕ ನನ್ನ ಕೈಯಲ್ಲಿದ್ದುದರಿಂದ ಎಲ್ಲರೂ ನನ್ನನ್ನು ಮಾಷ್ಟ್ರು ಎನ್ನುತ್ತಿದ್ದರು. ಮದೀನತ್ ಖಲೀಫಾದ ಒಂದು ವಿಲ್ಲಾದ ಹಿಂಭಾಗದಲ್ಲಿ ನಾವು ಆರು ಜನ ಇದ್ದೆವು. ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಪಕ್ಷ, ಬೆಳ್ತಿಗೆ ಅಕ್ಕಿಯ ಪಕ್ಷ ಎಂದು ಎರಡಾಗಿದ್ದವು. ಬೆಳ್ತಿಗೆಯ ಪಕ್ಷದಲ್ಲಿ ನಾನೊಬ್ಬನೇ.

ಕುಚ್ಚಲಕ್ಕಿಯ ನಾಯಕರು ಹಮೀದಾಕ. ಉಪ್ಪಿನಂಗಡಿ ಕಡೆಯ ಬ್ಯಾರಿ. ಐವತ್ತು ದಾಟಿದ, ಸಣಕಲು ಮೈಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮನುಷ್ಯ. ಮಂಗಳೂರಿನ ಹಂಚಿನ ಕಾರ್ಖಾನೆಯೊಂದರ ರಿಪೇರಿ ಶೆಡ್ಡಿನಲ್ಲಿ ಲೇತ್ ಕಲಿತು ಬಂದವರು. ನಮ್ಮ ವರ್ಕ್‌ಶಾಪಿನ ದೊಡ್ಡ ಲೇತ್ ಅವರದ್ದೇ ಎನ್ನುವ ಹಾಗಿತ್ತು. ಬೇರೆಯವರು ಅಳತೆ ನೋಡಿ ಕಡೆದರೆ ಅವರು ಕಿವಿಯಲ್ಲಿ ಕಡೆಯುತ್ತಿದ್ದರು. ಉಳಿ ಕಬ್ಬಿಣವನ್ನು ಕೆರೆಯುವ ಸದ್ದು ಸ್ವಲ್ಪ ಬದಲಾದರೆ, ಮಾತಾಡುತ್ತಿದ್ದವರು ಅರ್ಧಕ್ಕೇ ಮಾತು ನಿಲ್ಲಿಸಿ ಕೈ ಚಾಚುತ್ತಿದ್ದರು.

ವರ್ಕ್‌ಶಾಪಿನ ಮಾಲೀಕರು ಅಬು ಸಾಲಿಮ್. ನಮಗೆಲ್ಲ ಅವರು ಅರ್ಬಾಬ್, ಅಂದರೆ ಯಜಮಾನರು. ಅರವತ್ತು ದಾಟಿದ ಕತಾರಿ. ಅವರ ತಂದೆ ಮುತ್ತಿನ ವ್ಯಾಪಾರಿ, ಎಣ್ಣೆ ಬರುವ ಮೊದಲು ದೋಣಿಯಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದವರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಹೋಗಿ ಕಲಿತ ಹಿಂದಿ ಇವರ ಬಾಯಲ್ಲಿ ಇನ್ನೂ ಇತ್ತು. ನಮ್ಮೊಡನೆ ಅವರ ಮಾತೆಲ್ಲ ಆ ಹಿಂದಿಯಲ್ಲೇ, ನಡುನಡುವೆ ಅರಬ್ಬಿ. ಇಲ್ಲಿ ನಾನು ಅದನ್ನು ಕನ್ನಡದಲ್ಲಿ ಹೇಳುತ್ತೇನೆ.

ಒಂದು ದಿನ ಮ್ಯಾನೇಜರ್ ಕುರಿಯನ್ ಸಾರ್ ನನ್ನನ್ನು ಕ್ಯಾಬಿನ್ನಿಗೆ ಕರೆಸಿದರು. ಅವರು ಕೋಟ್ಟಯಂ ಕಡೆಯ ಮಲಯಾಳಿ, ಒಳ್ಳೆಯವರೇ, ಆದರೆ ಅವರ ಜಗತ್ತಿನಲ್ಲಿ ಆಗುವುದಿಲ್ಲ ಎಂಬ ಶಬ್ದ ಇರಲಿಲ್ಲ. ಮೇಜಿನ ಮೇಲೆ ಕಂಬಳಿ ಬಿಚ್ಚಿದ್ದರು. ಅದರ ಮೇಲೊಂದು ಬೇಟೆಯ ರೈಫಲ್ಲು, ಬೋಲ್ಟನ್ನು ಕೈಯಲ್ಲಿ ಹಿಂದೆಳೆದು ಮುಂದೆ ತಳ್ಳುವ ಜಾತಿಯದು. ಅಡಿಕೆ ಬಣ್ಣದ ಮರದ ಬುಡ. ಪಕ್ಕದಲ್ಲಿ ಅಬು ಸಾಲಿಮ್ ಕರಕ್ ಚಹಾದ ಲೋಟ ಹಿಡಿದು ಕೂತಿದ್ದರು.

“ನಮ್ಮ ಮಾಷ್ಟ್ರು ಕೂರ್ಗ್” ಎಂದರು ಕುರಿಯನ್ ಸಾರ್. “ಅಲ್ಲಿ ಮಗು ಹುಟ್ಟಿದರೆ ಈಡು ಹೊಡೆದೇ ಊರಿಗೆ ಹೇಳುವುದು. ಕೋವಿಯ ವಿಷಯ ಇವರಿಗೆ ತಿಳಿಯದ್ದಿಲ್ಲ.”

ಅಬು ಸಾಲಿಮ್ ನನ್ನ ಕಡೆ ತಿರುಗಿದರು. “ಹೌದಾ?”

ನಾನು ಹ್ಞೂಂ ಎಂದೆ.

ವಿಷಯ ಇಷ್ಟು. ಆ ರೈಫಲ್ಲನ್ನು ಅವರ ತಂದೆ ಬೊಂಬಾಯಿಯಲ್ಲಿ ಕೊಂಡಿದ್ದರು. ಜರ್ಮನಿಯಲ್ಲಿ ಮಾಡಿದ್ದು. ಅದಕ್ಕೆ ಬೇಕಾದ ತೋಟೆ ಯಾವುದೋ ಹಳೆಯ ಅಳತೆಯದು. ಅದನ್ನು ಮಾಡುವವರು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಕೋವಿ ಗೋಡೆಗೆ ನೇತು ಹಾಕಿದ್ದಾಗಿತ್ತು. ಚಳಿಗಾಲದಲ್ಲಿ ಅಬು ಸಾಲಿಮರ ಅಣ್ಣ ಬಹರೈನಿನಿಂದ ಬರುವವರಿದ್ದರು. ಮರಳುಗಾಡಿನಲ್ಲಿ ಡೇರೆ ಹಾಕಿ ಒಟ್ಟಿಗೆ ಎರಡು ದಿನ ಇರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ತಂದೆಯ ಕೋವಿ ಮತ್ತೆ ಮಾತಾಡಬೇಕು, ಅಣ್ಣ ಅದರ ಸದ್ದು ಕೇಳಬೇಕು ಎಂಬುದು ಇವರ ಆಸೆ. ಅದಕ್ಕಾಗಿ ಈಗ ಎಲ್ಲೆಡೆ ಸಿಗುವ ತ್ರೀ ನಾಟ್ ಎಯ್ಟ್ ತೋಟೆಗೆ ಸರಿಹೋಗುವ ಹೊಸ ನಳಿಗೆಯನ್ನು ಇಂಗ್ಲೆಂಡಿನಿಂದ ತರಿಸುತ್ತಿದ್ದರು. ಸರ್ಕಾರದ ಪರವಾನಗಿ ಸಿಕ್ಕಿತ್ತು. ಕೋವಿಯನ್ನು ವರ್ಕ್‌ಶಾಪಿನ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು, ಬೀಗದ ಕೈ ಅವರ ಹತ್ತಿರವೇ ಇರಬೇಕು, ಕೆಲಸ ಅವರ ಎದುರಿಗೇ ಆಗಬೇಕು ಎಂಬ ಷರತ್ತಿತ್ತು.

“ಕಬ್ಬಿಣದ ಕೆಲಸ ಹಮೀದ್ ಮಾಡುತ್ತಾನೆ” ಎಂದರು ಅಬು ಸಾಲಿಮ್. “ಕೋವಿಯ ಬುದ್ಧಿ ನೀನು ಹೇಳು. ಖಲಾಸ್.”

ಹಮೀದಾಕನಿಗೆ ಸುದ್ದಿ ಹೇಳಿದಾಗ ಅವರು ಕೈ ಒರೆಸಿಕೊಂಡು ಕೋವಿಯನ್ನು ನನ್ನ ಕೈಗೆ ಕೊಟ್ಟರು. “ಒಮ್ಮೆ ಹಿಡಿದು ತೋರ್ಸಿ ಮಾಷ್ಟ್ರೇ” ಎಂದರು. ನಾನು ಹಿಡಿದೆ, ತಿರುಗಿಸಿದೆ, ನಳಿಗೆಯೊಳಗೆ ಒಂದು ಕಣ್ಣು ಮುಚ್ಚಿ ನೋಡಿದೆ. ಅವರು ಸುಮ್ಮನೆ ನೋಡಿದರು. “ಆಯ್ತು, ನಂಗೆ ಶಾಫ್ಟ್ ಗೊತ್ತುಂಟು, ನಿಮ್ಗೆ ಕೋವಿ ಗೊತ್ತುಂಟು. ಇನ್ನೆಂತ ಬೇಕು” ಎಂದರು.

ನಳಿಗೆ ಬಂತು. ಜೊತೆಯಲ್ಲಿ ಸಣ್ಣಕ್ಷರದ ಇಂಗ್ಲಿಷ್ ಪುಸ್ತಿಕೆಯೊಂದು ಬಂತು. ನನ್ನ ಮಾನ ಉಳಿಸಿದ್ದು ಆ ಪುಸ್ತಿಕೆ. ಪ್ರತಿದಿನ ಸಂಜೆ ಅದನ್ನು ರೂಮಿಗೆ ಒಯ್ದು, ಡಿಕ್ಷನರಿ ಇಟ್ಟುಕೊಂಡು ಓದಿ, ಮರುದಿನ ಹಮೀದಾಕನಿಗೆ ನನ್ನದೇ ಜ್ಞಾನವೆಂಬಂತೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. “ಇನ್ನೊಮ್ಮೆ ಹೇಳಿ” ಎನ್ನುತ್ತಿದ್ದರು. ಆಮೇಲೆ ನನಗೇ ಅರ್ಥವಾಗದಿದ್ದ ಭಾಗವನ್ನು ಅವರು ನನಗೆ ವಿವರಿಸುತ್ತಿದ್ದರು.

ಹಳೆಯ ನಳಿಗೆಯನ್ನು ಬಿಚ್ಚುವುದಕ್ಕೇ ಮೂರು ದಿನ ಹಿಡಿಯಿತು. ಐವತ್ತು ಅರವತ್ತು ವರ್ಷ ಒಟ್ಟಿಗಿದ್ದ ಕಬ್ಬಿಣಗಳು ಬಿಟ್ಟುಕೊಡಲು ಒಪ್ಪಲಿಲ್ಲ. ಕುರಿಯನ್ ಸಾರ್ ಗ್ಯಾಸ್ ಬೆಂಕಿ ಹಿಡಿಯಿರಿ ಎಂದರು. “ಬಿಸಿ ಮಾಡಿದ್ರೆ ಉಕ್ಕಿನ ಗುಣ ಹೋಗ್ತದೆ ಸಾರ್, ಆಮೇಲೆ ಅದು ಕೋವಿ ಅಲ್ಲ, ಬಾಂಬು” ಎಂದು ಹಮೀದಾಕ ಎಣ್ಣೆ ಬಿಟ್ಟು ಕಾದರು. ಅಬು ಸಾಲಿಮ್ ದಿನವೂ ಬೆಳಿಗ್ಗೆ ಬಂದು ಲೇತ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕಪಾಟಿನ ಬೀಗದ ಕೈ ಅವರ ಜುಬ್ಬದಂಥ ಬಿಳಿ ತೋಬಿನ ಜೇಬಿನಲ್ಲಿ. ಕಾಯುವ ಹೊತ್ತಿನಲ್ಲಿ ಕಥೆ ಹೇಳುತ್ತಿದ್ದರು. ತಾವು ಹದಿನೈದು ವರ್ಷದವರಿದ್ದಾಗ ಇದೇ ಕೋವಿಯಿಂದ ಓಡುತ್ತಿದ್ದ ಜಿಂಕೆಯನ್ನು ಒಂದೇ ಈಡಿಗೆ ಹೊಡೆದದ್ದು ಅವರ ಮುಖ್ಯ ಕಥೆ. ಆಗ ಮರಳುಗಾಡಿನಲ್ಲಿ ಜಿಂಕೆಗಳಿದ್ದವು, ಹೊಡೆಯಲು ತಡೆಯಿರಲಿಲ್ಲ. ದಿನ ಕಳೆದ ಹಾಗೆ ಆ ಜಿಂಕೆ ಇನ್ನೂ ದೂರ ಹೋಯಿತು, ಇನ್ನೂ ಜೋರಾಗಿ ಓಡಿತು.

ಮೂರನೆಯ ದಿನ ಮಧ್ಯಾಹ್ನ ಹಮೀದಾಕ ಬಿಸ್ಮಿಲ್ಲಾ ಎಂದು ಉದ್ದದ ಸ್ಪ್ಯಾನರಿಗೆ ಮೈಭಾರ ಕೊಟ್ಟರು. ಫಟ್ ಎಂದು ಸದ್ದಾಯಿತು. ಕೋವಿ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ಅಬು ಸಾಲಿಮರ ಲೋಟದ ಚಹಾ ತೋಬಿನ ಮೇಲೆ ಚೆಲ್ಲಿತು. ಕಣ್ಣು ಬಿಟ್ಟರೆ ಹಮೀದಾಕ ನಳಿಗೆಯನ್ನು ಎರಡೇ ಬೆರಳಿನಲ್ಲಿ ತಿರುಗಿಸುತ್ತಿದ್ದರು, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದ ಹಾಗೆ.

ಹೊಸ ನಳಿಗೆ ಕೂತಿತು. ಹೊಸ ತೋಟೆ ಹಳೆಯದಕ್ಕಿಂತ ಗಿಡ್ಡ. ಕೋವಿಯ ಹೊಟ್ಟೆಯಲ್ಲಿ ತೋಟೆ ತುಂಬುವ ಪೆಟ್ಟಿಗೆಯೊಳಗೆ ಹಿಂದೆ ಮುಂದೆ ಜಾರುತ್ತದೆ, ಮೇಲೆ ಬರುವಾಗ ಮೂತಿ ತಗುಲಿ ನಿಲ್ಲುತ್ತದೆ. ಹಮೀದಾಕ ಅಲ್ಯೂಮಿನಿಯಮ್ಮಿನ ಸಣ್ಣ ತುಂಡೊಂದನ್ನು ಕಡೆದು ಹಿಂಬದಿಗೆ ಕೂರಿಸಿದರು. ಆಮೇಲೆ ಪೊಳ್ಳು ತೋಟೆಗಳು ಒಂದರ ಹಿಂದೊಂದು ಮೇಲೆ ಬಂದವು. ಅದನ್ನು ಪುಸ್ತಿಕೆಯಲ್ಲಿ ಬರೆದಿರಲಿಲ್ಲ. ಅಬು ಸಾಲಿಮ್ ನನ್ನ ಬೆನ್ನು ತಟ್ಟಿದರು. ಹಮೀದಾಕ ಲೇತಿನ ಮೇಲಿನ ಚೂರುಗಳನ್ನು ಗುಡಿಸುತ್ತಿದ್ದರು.

ಉಳಿದದ್ದು ಒಂದೇ ಕೆಲಸ. ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡನ್ನು ಕೊನೆಯ ಕೂದಲೆಳೆಯಷ್ಟು ಕೆರೆದು ಸರಿಮಾಡಬೇಕಿತ್ತು. ಅದು ಸಾಲದಿದ್ದರೆ ಬೋಲ್ಟು ಮುಚ್ಚುವುದಿಲ್ಲ. ಹೆಚ್ಚಾದರೆ ತೋಟೆ ಒಳಗೇ ಬಿರಿದು ಹೊಡೆಯುವವನ ಮುಖಕ್ಕೆ ಬೆಂಕಿ ಬರಬಹುದು. ಅದನ್ನು ನೋಡಲು ಹೆಬ್ಬೆರಳಿನಷ್ಟು ದಪ್ಪದ ಎರಡು ಉಕ್ಕಿನ ಗೇಜುಗಳಿರುತ್ತವೆ. ಒಂದನ್ನು ಹಾಕಿದಾಗ ಬೋಲ್ಟು ಮುಚ್ಚಬೇಕು, ಇನ್ನೊಂದನ್ನು ಹಾಕಿದಾಗ ಮುಚ್ಚಬಾರದು. ಗೇಜುಗಳು ಪಾರ್ಸೆಲ್ಲಿನಲ್ಲಿ ಬಂದಿರಲಿಲ್ಲ, ಹಿಂದಿನಿಂದ ಕಳಿಸುತ್ತೇವೆ ಎಂದು ಚೀಟಿ ಬಂದಿತ್ತು. ಅಣ್ಣ ಆ ಗುರುವಾರ ಬರುವವರು. ಡೇರೆ ಶುಕ್ರವಾರ.

ಬುಧವಾರ ಬೆಳಿಗ್ಗೆ ಲೇತಿನ ಸುತ್ತ ನಾವು ನಾಲ್ಕೇ ಜನ ನಿಂತಿದ್ದೆವು.

“ಒಂದು ತೋಟೆ ಹಾಕಿ ನೋಡು ಹಮೀದ್, ಬೋಲ್ಟು ಮುಚ್ಚಿದರೆ ಸರಿ ಎಂದೇ ಅರ್ಥ” ಎಂದರು ಕುರಿಯನ್ ಸಾರ್. “ಅರ್ಬಾಬ್ ಎಷ್ಟು ದಿನದಿಂದ ಕಾಯುತ್ತಿದ್ದಾರೆ.”

“ಗೇಜ್ ಇಲ್ಲದೆ ಆಗ್ಲಿಕ್ಕಿಲ್ಲ ಸಾರ್.”

“ನೀನು ಮೂವತ್ತು ವರ್ಷ ಕಿವಿಯಲ್ಲೇ ಕೆಲಸ ಮಾಡಿದವನು.”

“ಶಾಫ್ಟ್ ತಪ್ಪಿದ್ರೆ ಪಂಪು ನಿಲ್ತದೆ. ಇದು ತಪ್ಪಿದ್ರೆ ಅವರ ಕಣ್ಣು ಹೋಗ್ತದೆ. ಕಿವಿಯಲ್ಲಿ ಮಾಡುವ ಕೆಲಸ ಅಲ್ಲ ಇದು.”

ಅಬು ಸಾಲಿಮರ ಮುಖ ಬಾಡಿತು. ಅವರು ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು. ಕುರಿಯನ್ ಸಾರ್ ನನ್ನ ಕಡೆ ತಿರುಗಿದರು. “ಇಲ್ಲಿ ಕೋವಿ ತಿಳಿದವರು ಮಾಷ್ಟ್ರು. ಅವರು ಹೇಳಲಿ. ನಾಡಿದ್ದು ಹೊಡೆಯಬಹುದಾ ಮಾಷ್ಟ್ರೇ?”

ಮೂವರೂ ನನ್ನನ್ನೇ ನೋಡಿದರು. ಮೂಗಿನ ತುದಿಗೆ ಬಂದಿತ್ತು. ಒಂದು ಹ್ಞೂಂ ಸಾಕಿತ್ತು. ಎಲ್ಲರಿಗೂ ಸಂತೋಷವಾಗುತ್ತಿತ್ತು, ಶುಕ್ರವಾರದವರೆಗೆ. ಹಮೀದಾಕನ ಕೈಯನ್ನು ನೋಡಿದೆ. ಅವರು ಅದನ್ನು ಬೋಲ್ಟಿನ ಮೇಲೆ ಇಟ್ಟುಕೊಂಡೇ ನಿಂತಿದ್ದರು, ಮಗುವಿನ ತಲೆಯ ಮೇಲೆ ಇಟ್ಟ ಹಾಗೆ.

“ಅರ್ಬಾಬ್, ನನಗೆ ಕೋವಿಯ ವಿಷಯ ಏನೂ ಗೊತ್ತಿಲ್ಲ” ಎಂದೆ. ಧ್ವನಿ ನನ್ನದಲ್ಲ ಅನ್ನಿಸಿತು. “ಕೊಡಗಿನಲ್ಲಿ ಹುಟ್ಟಿದ್ದು ನಿಜ. ಒಂದೇ ಸಲ ಹೊಡೆದಿದ್ದೇನೆ, ಗೊಬ್ಬರದ ಗುಂಡಿಗೆ ಬಿದ್ದೆ. ಈ ಒಂದು ತಿಂಗಳು ನಾನು ಹೇಳಿದ್ದೆಲ್ಲ ಈ ಪುಸ್ತಿಕೆಯದು. ಹಮೀದಾಕ ಬೇಡ ಎಂದರೆ ಬೇಡ.”

ಕುರಿಯನ್ ಸಾರ್ ಬಾಯಿ ತೆರೆದವರು ಹಾಗೇ ಇದ್ದರು. ಟಿಕೆಟ್ಟು, ಪಾಸ್‌ಪೋರ್ಟು, ಊರಿನ ಬಸ್ ಸ್ಟ್ಯಾಂಡು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಆ ತಿಂಗಳು ತಂಗಿಯ ಮದುವೆಗೆ ಬೇರೆ ಕಳಿಸಬೇಕಿತ್ತು.

ಅಬು ಸಾಲಿಮ್ ಸ್ಟೂಲಿನ ಮೇಲೆ ಕೂತರು. “ಗೊಬ್ಬರದ ಗುಂಡಿ ಅಂದರೆ ಏನು?” ಎಂದು ಕೇಳಿದರು.

ನಾನು ವಿವರಿಸಿದೆ. ದನ, ಸಗಣಿ, ಗುಂಡಿ, ನಾನು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಗಡ್ಡ. ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಂತರ ಗಂಭೀರರಾಗಿ, ಕುರಿಯನ್ ಸಾರ್ ಅವರನ್ನು ಚಹಾ ತರಿಸಲು ಕಳಿಸಿ, ತಗ್ಗಿದ ಧ್ವನಿಯಲ್ಲಿ ಹೇಳಿದರು: “ಆ ಜಿಂಕೆ ಇದೆಯಲ್ಲ, ಅದನ್ನು ಹೊಡೆದದ್ದು ನಾನಲ್ಲ. ನಮ್ಮಣ್ಣ. ನಾನು ಹಿಂದೆ ಚೀಲ ಹೊತ್ತಿದ್ದೆ. ಅವನು ಬಹರೈನಿಗೆ ಹೋದ ಮೇಲೆ ಕಥೆ ನನ್ನದಾಯಿತು. ಈಗ ಅವನು ಬರುತ್ತಿದ್ದಾನೆ. ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ.” ಜೇಬಿನಿಂದ ಬೀಗದ ಕೈ ತೆಗೆದು, “ಒಂದು ವಾರ ತಡವಾದರೆ ನನಗೂ ಒಳ್ಳೆಯದೇ. ನಿಜ ಹೇಳಲು ಧೈರ್ಯ ಬೇಕು. ಮಾಫಿ ಮುಶ್ಕಿಲ್, ತೊಂದರೆಯಿಲ್ಲ” ಎಂದರು.

ಕೋವಿಯನ್ನು ಕಪಾಟಿಗೆ ಇಟ್ಟು ಬೀಗ ಹಾಕಿದರು. ಅಣ್ಣ ಬಂದರು, ಮೊಣಕಾಲಿಗೆ ದೋಹಾದ ಹವೆ ಒಗ್ಗುತ್ತದೆಂದು ಇನ್ನೂ ಹತ್ತು ದಿನ ಉಳಿದರು. ಮಂಗಳವಾರ ಗೇಜು ಬಂತು. ಹಮೀದಾಕ ಯಂತ್ರ ನಿಲ್ಲಿಸಿ ಕೈಯಲ್ಲೇ ಕೆಲಸ ಮಾಡಿದರು. ಒಂದಿಷ್ಟು ಕೆರೆಯುವುದು, ಬಟ್ಟೆ ಸುತ್ತಿ ಒರೆಸುವುದು, ಗೇಜು ಹಾಕುವುದು. ಇಡೀ ಬುಧವಾರ ಅದೇ ಆಯಿತು. ಕೊನೆಗೆ ಮುಚ್ಚಬೇಕಾದದ್ದು ಮುಚ್ಚಿತು, ಮುಚ್ಚಬಾರದ್ದು ಮುಚ್ಚಲಿಲ್ಲ. ಹಮೀದಾಕ ಎರಡನ್ನೂ ನನ್ನ ಕೈಯಲ್ಲಿ ಒಮ್ಮೆ ಮಾಡಿಸಿದರು. ಆ ಮುಚ್ಚದ ಬೋಲ್ಟನ್ನು ತಳ್ಳಿ ನೋಡಿದಾಗ ನನಗಾದ ಸಮಾಧಾನ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ನಮ್ಮಿಬ್ಬರನ್ನೂ ಅಬು ಸಾಲಿಮ್ ಡೇರೆಗೆ ಕರೆದುಕೊಂಡು ಹೋದರು. ದೋಹಾದಿಂದ ಉತ್ತರಕ್ಕೆ, ಟಾರು ರಸ್ತೆ ಬಿಟ್ಟು ಅರ್ಧ ಗಂಟೆ. ಎದುರಿಗೆ ಎತ್ತರದ ಮಣ್ಣಿನ ದಿಬ್ಬ, ಆಚೆ ಯಾರೂ ಇಲ್ಲ. ಮೊದಲ ಈಡನ್ನು ಯಾರೂ ಕೈಯಲ್ಲಿ ಹಿಡಿದು ಹೊಡೆಯಕೂಡದು ಎಂದು ಹಮೀದಾಕ ಹಠ ಹಿಡಿದರು. ಎರಡು ಲಾರಿ ಟೈರುಗಳ ನಡುವೆ ಕೋವಿಯನ್ನು ಬಿಗಿದು, ಕುದುರೆಗೆ ಉದ್ದದ ಹಗ್ಗ ಕಟ್ಟಿ, ಎಲ್ಲರನ್ನೂ ಪಿಕಪ್ಪಿನ ಹಿಂದೆ ಕಳಿಸಿದರು. ಇಡೀ ಸಂಸಾರ, ಬಹರೈನಿನ ಅಣ್ಣನೂ ಸೇರಿ, ಹಮೀದಾಕ ಹೇಳಿದಲ್ಲಿ ಕುಕ್ಕುರುಗಾಲಲ್ಲಿ ಕೂತಿತು. ಹಮೀದಾಕನೇ ಹಗ್ಗ ಎಳೆದರು. ದಿಬ್ಬದಲ್ಲಿ ಧೂಳೆದ್ದಿತು. ಹಮೀದಾಕ ಹೋಗಿ ಖಾಲಿ ತೋಟೆಯನ್ನು ತೆಗೆದು, ಕನ್ನಡಕ ಮೇಲೆತ್ತಿ, ಸುತ್ತ ತಿರುಗಿಸಿ ನೋಡಿದರು. ಮೂರು ಸಲ ಹೀಗೆ. ಆಮೇಲೆ ಕೋವಿಯನ್ನು ಬಿಚ್ಚಿ ಎರಡೂ ಕೈಯಲ್ಲಿ ಅಬು ಸಾಲಿಮರಿಗೆ ಕೊಟ್ಟರು. “ಇನ್ನು ನಿಮ್ಮದು” ಎಂದರು.

ಅಬು ಸಾಲಿಮ್ ಹೊಡೆಯಲಿಲ್ಲ. ಕೋವಿಯನ್ನು ಅಣ್ಣನ ಮಡಿಲಲ್ಲಿಟ್ಟು, ಎಲ್ಲರೆದುರು ಅರಬ್ಬಿಯಲ್ಲಿ ಏನೋ ಹೇಳಿದರು. ನಮಗೆ ಅರ್ಥವಾದದ್ದು ಜಿಂಕೆ ಎಂಬ ಶಬ್ದ ಮಾತ್ರ, ಆದರೆ ಮಕ್ಕಳ ಮುಖ ನೋಡಿದರೆ ಉಳಿದದ್ದು ತಿಳಿಯುತ್ತಿತ್ತು. ಅಣ್ಣ ಕೋವಿಯ ಮರವನ್ನು ಸವರುತ್ತ ಏನೋ ಒಂದೇ ವಾಕ್ಯ ಹೇಳಿದರು. ಡೇರೆಯೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಅಬು ಸಾಲಿಮ್ ನಗುತ್ತಲೇ ನಮಗೆ ಹಿಂದಿಯಲ್ಲಿ ಹೇಳಿದರು: “ಅವನು ಗುರಿಯಿಟ್ಟದ್ದು ಅದರ ಪಕ್ಕದ ಜಿಂಕೆಗಂತೆ.”

ಅಣ್ಣ ಎರಡು ಈಡು ಹೊಡೆದರು, ತಮ್ಮ ಎರಡು. ಗುರಿಗೆಂದು ದಿಬ್ಬದ ಬುಡದಲ್ಲಿಟ್ಟ ಡಬ್ಬಕ್ಕೆ ಒಂದೂ ತಾಗಲಿಲ್ಲ. ಯಾರಿಗೂ ಬೇಸರವಾಗಲಿಲ್ಲ. ನನ್ನನ್ನೂ ಹೊಡೆಯೆಂದು ಕರೆದರು. ಇಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಹಮೀದಾಕನೂ ಬೇಡ ಎಂದರು. ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತು ಮಜ್ಬೂಸ್ ಎಂಬ ಮಸಾಲೆ ಅನ್ನ ತಿಂದೆವು. ಮಾಂಸದ ಒಳ್ಳೆಯ ತುಂಡುಗಳನ್ನು ಅಣ್ಣ ಸ್ವತಃ ಕೈಯಿಂದಲೇ ಆರಿಸಿ ಹಮೀದಾಕನ ಕಡೆ ಸರಿಸುತ್ತಿದ್ದರು. ನನ್ನ ಕಡೆಗೆ ಅನ್ನ ಮತ್ತು ದ್ರಾಕ್ಷಿ ಧಾರಾಳವಾಗಿ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಪಿಕಪ್ಪಿನ ಹಿಂಬದಿಯಲ್ಲಿ ಕೂತು ನಾವಿಬ್ಬರು ಹಿಂತಿರುಗಿದೆವು. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹಮೀದಾಕ ಹೇಳಿದರು: “ಮಾಷ್ಟ್ರೇ, ನಿಮ್ಗೆ ಕೋವಿ ಗೊತ್ತಿಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು.”

“ಹೇಗೆ?”

“ಹಿಡಿದು ತೋರ್ಸಿ ಅಂದೆ ಅಲ್ವಾ. ನೀವು ಮಳೆಗೆ ಕೊಡೆ ಹಿಡಿದ ಹಾಗೆ ಹಿಡಿದ್ರಿ.”

ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. “ಮತ್ತೆ ಒಂದು ತಿಂಗಳು ಯಾಕೆ ಸುಮ್ಮನಿದ್ರಿ ಹಮೀದಾಕ? ಅವತ್ತೇ ಹೇಳಬಹುದಿತ್ತು.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಧೂಳು ಒರೆಸಿದರು. “ನಾನು ಅವತ್ತೇ ಹೇಳಿದ್ರೆ ನಿಮ್ಮನ್ನು ಆಫೀಸಿಗೆ ಕಳಿಸ್ತಿದ್ರು” ಎಂದರು. “ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಆ ಪುಸ್ತಕ ನಂಗೆ ಯಾರು ಓದಿ ಹೇಳ್ತಿದ್ರು ಮಾರಾಯ್ರೆ?”